ಹದಿಹರೆಯದವರ ಮೇಲಿನ ದೂರು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯನ್ನು ಇಟ್ಟ ಹಿರಿಯರು ಮೇಷ್ಟರಾಗಿದ್ದವರು. ಶಿಕ್ಷಣಕ್ಕೆ ಸಂಬಂಧಪಟ್ಟ ಯಾವ ವಿಷಯದ ಬಗ್ಗೆಯಾದರೂ ಮಾತನಾಡಬಹುದು ಎಂದು ಉಪನ್ಯಾಸ ಏರ್ಪಡಿಸಿದ ಸಂಘದವರು ತಿಳಿಸಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಹದಿಹರೆಯದ ಮಕ್ಕಳ ಬಗ್ಗೆ ನಾವು ಹಿರಿಯರು ಆಡುವ ಮಾತುಗಳನ್ನು ಹಿರಿಯರೇ ತುಂಬಿದ ಸಭೆಯೊಂದರಲ್ಲಿ ಪ್ರಶ್ನಿಸಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು.

ಆ ಮಾತುಗಳು ನಿಮಗೂ ಗೊತ್ತು. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಶಿಕ್ಷಕರ ಕೊಠಡಿಯಲ್ಲಿ ದಿನವೂ ಕೇಳಿಬರುತ್ತವೆ. ಈಗಿನ ಹುಡುಗರಿಗೆ ಹಿರಿಯರೆಂದರೆ ಲೆಕ್ಕವಿಲ್ಲ. ಎಂಟು ಗಂಟೆಯಾದರೂ ಹಾಸಿಗೆ ಬಿಟ್ಟೇಳುವುದಿಲ್ಲ. ಮೊಬೈಲ್ ಕೈಗೆ ಸಿಕ್ಕರೆ ಲೋಕವೇ ಬೇಡ. ಊರು, ಮನೆ, ದುಡಿಮೆ ಯಾವುದರ ಪರಿವೆಯೂ ಇಲ್ಲ. ಇವನ್ನೆಲ್ಲ ಆ ಮಕ್ಕಳು ಪಕ್ಕದಲ್ಲಿ ನಿಂತಿರುವಾಗಲೇ, ಅವರಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಹೇಳುತ್ತೇವೆ. ಒಂದು ಜಾತಿಯ ಬಗ್ಗೆ, ಒಂದು ಊರಿನವರ ಬಗ್ಗೆ ಹೀಗೆ ಸಾರಾಸಗಟಾಗಿ ಮಾತನಾಡಿದರೆ ಇಂದು ಯಾರಾದರೂ ತಡೆಯುತ್ತಾರೆ. ವಯಸ್ಸಿನ ವಿಷಯದಲ್ಲಿ ಯಾರೂ ತಡೆಯುವುದಿಲ್ಲ. ಈ ದೂರುಗಳಲ್ಲಿ ಬಹಳಷ್ಟು ನಿಜವಲ್ಲ, ನಿಜವಿರುವ ಕಡೆ ಕಾರಣ ಮಕ್ಕಳ ಗುಣದಲ್ಲಿಲ್ಲ, ಮತ್ತು ಈ ಮಾತುಗಳಿಗೆ ಮಕ್ಕಳು ದೊಡ್ಡ ಬೆಲೆ ತೆರುತ್ತಿದ್ದಾರೆ ಎಂಬುದೇ ಇವತ್ತಿನ ನನ್ನ ವಾದ.

ತಲೆಗೂದಲಿನಿಂದಲೇ ಶುರು ಮಾಡುತ್ತೇನೆ. ಎರಡೂ ಬದಿ ನುಣ್ಣಗೆ ತೆಗೆಸಿ ನೆತ್ತಿಯ ಮೇಲೆ ದಟ್ಟವಾಗಿ ಬಿಡುವ 'ಹೆಬ್ಬುಲಿ ಕಟಿಂಗ್' ನಮ್ಮ ಶಾಲೆಗಳಲ್ಲಿ ಎಷ್ಟು ಗಲಾಟೆ ಎಬ್ಬಿಸಿತೆಂದು ಶಿಕ್ಷಕರಿಗೆಲ್ಲ ನೆನಪಿದೆ. ಉತ್ತರ ಕರ್ನಾಟಕದ ಶಾಲೆಯೊಂದರ ಮುಖ್ಯೋಪಾಧ್ಯಾಯರು ಊರಿನ ಕ್ಷೌರದಂಗಡಿಗಳಿಗೇ ಪತ್ರ ಬರೆದು, ಮಕ್ಕಳಿಗೆ ಈ ಕಟಿಂಗ್ ಮಾಡಬೇಡಿ ಎಂದು ಕೋರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವರ ಕಾಳಜಿ ಪ್ರಾಮಾಣಿಕವೇ ಇದ್ದೀತು. ಶಿಸ್ತು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕೂದಲು ನೋಡಿ ಹುಡುಗನನ್ನು ಅಳೆದುಬಿಟ್ಟರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಒಂದು ಪ್ರಸಂಗ ಹೇಳಬೇಕು.

ಕರಾವಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನಿದ್ದಾಗ, ವರ್ಷಕ್ಕೊಮ್ಮೆ ಮಕ್ಕಳನ್ನು ಮಕ್ಕಳ ಗ್ರಾಮಸಭೆಗೆ ಕರೆದೊಯ್ಯುವ ಜವಾಬ್ದಾರಿ ನನ್ನ ಪಾಲಿಗೆ ಬಂದಿತ್ತು. ಪಂಚಾಯಿತಿ ಸಭಾಂಗಣ, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ವೇದಿಕೆಯಲ್ಲಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಗ್ರಾಮಲೆಕ್ಕಿಗರು, ಆರೋಗ್ಯ ಸಹಾಯಕಿ. ಸ್ವಾಗತ, ಹೂಗುಚ್ಛ, ಭಾಷಣ ಮುಗಿಯುವಾಗ ಅರ್ಧ ಹೊತ್ತು ಕಳೆದಿತ್ತು. ಆಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದಳು. ಅವಳ ಮನೆಯ ಕಡೆಯ ಹೊಳೆಗೆ ಅಡಿಕೆ ಮರದ ಕಾಲುಸಂಕ. ಮಳೆಗಾಲದಲ್ಲಿ ಅದು ಜಾರುತ್ತದೆ, ನೀರು ಏರಿದರೆ ಕೊಚ್ಚಿಕೊಂಡೇ ಹೋಗುತ್ತದೆ. ಕೈಯಲ್ಲಿ ಒಂದು ಹಾಳೆ ಹಿಡಿದಿದ್ದಳು. ಹೊಳೆಯಾಚೆಯ ಮಕ್ಕಳು ಜುಲೈ, ಆಗಸ್ಟ್ ತಿಂಗಳಲ್ಲಿ ಯಾವ ಯಾವ ದಿನ ಶಾಲೆಗೆ ಬಂದಿಲ್ಲ ಎಂಬುದನ್ನು ಹಾಜರಿ ಪುಸ್ತಕ ನೋಡಿ ಬರೆದುಕೊಂಡಿದ್ದಳು. ಪಕ್ಕದ ಕಂಬಸಾಲಿನಲ್ಲಿ ಆ ದಿನ ಮಳೆ ಹೇಗಿತ್ತು ಎಂಬ ಟಿಪ್ಪಣಿ. ನಾನು ಹೇಳಿಕೊಟ್ಟಿರಲಿಲ್ಲ.

ಪಿಡಿಒ ಸಾಹೇಬರು ಸಮಾಧಾನವಾಗಿಯೇ, ಅನುದಾನ ಬಂದಾಗ ನೋಡೋಣಮ್ಮ ಎಂದರು. ಅವಳು ಕೂರಲಿಲ್ಲ.

"ಹೋದ ವರ್ಷವೂ ಹೀಂಗೇ ಹೇಳಿದ್ರಿ ಅಲ್ದಾ ಸರ್? ಯಾವ ಅನುದಾನ ಅಂತ ಹೇಳಿ. ನರೇಗಾದಲ್ಲಿ ಆಗ್ತದಾ, ಹದಿನೈದನೇ ಹಣಕಾಸಿನಲ್ಲಾ?"

ಸಭೆ ಚುರುಕಾಯಿತು. ಅವಳ ಬೆನ್ನಿಗೇ ಎದ್ದವನು ನಮ್ಮ ಶಾಲೆಯ ಹೆಬ್ಬುಲಿ ಕಟಿಂಗಿನ ಹುಡುಗ. ಪ್ರಾರ್ಥನೆಯ ಹೊತ್ತಿಗೆ ವಾರಕ್ಕೊಮ್ಮೆಯಾದರೂ ಬೈಸಿಕೊಳ್ಳುತ್ತಿದ್ದವನು, 'ಇವನ ಭವಿಷ್ಯ ಇಷ್ಟೇ' ಎಂದು ಹಲವರು ತೀರ್ಮಾನಿಸಿದ್ದವನು. ಅವನು ಆಟದ ಮೈದಾನ ಕೇಳುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಅಜ್ಜಿಯ ಪಿಂಚಣಿ ಕೇಳಿದ. "ನಮ್ಮ ಅಜ್ಜಿಯ ಬೆರಳು ಮಿಷನ್ನಿನಲ್ಲಿ ಬರೂದಿಲ್ಲ ಸರ್. ಬೀಡಿ ಕಟ್ಟಿ ಕಟ್ಟಿ ಗೆರೆ ಸವೆದುಹೋಗಿದೆ. ಸಂಧ್ಯಾ ಸುರಕ್ಷಾ ಹಣ ನಿಂತು ಎಷ್ಟೋ ತಿಂಗಳಾಯ್ತು. ನಮ್ಮ ಬೈಲಿನಲ್ಲಿ ಇನ್ನೂ ಮೂರ್ನಾಲ್ಕು ಜನ ಅಜ್ಜಿಯಂದಿರಿಗೆ ಹೀಂಗೇ ಆಗಿದೆ." ಆ ಅಜ್ಜಿಯಂದಿರ ಹೆಸರುಗಳನ್ನೂ ಅವನು ಬರೆದುಕೊಂಡು ಬಂದಿದ್ದ. ಗ್ರಾಮಲೆಕ್ಕಿಗರು ಚೀಟಿ ಇಸಿದುಕೊಂಡರು.

ಪರಿವೆಯೇ ಇಲ್ಲದವರು ಎಂದು ನಾವು ಹೇಳುವುದು ಈ ಮಕ್ಕಳನ್ನೇ. ಮಕ್ಕಳ ಗ್ರಾಮಸಭೆಗೆ ಹೋಗಿ ಕುಳಿತವರು ನನ್ನ ಮಾತನ್ನು ಒಪ್ಪುತ್ತಾರೆ. ಅಲ್ಲಿ ಮಕ್ಕಳು ಕೇಳುವುದು ಶಾಲೆಯ ಶೌಚಾಲಯಕ್ಕೆ ನೀರು, ದಾರಿಗೆ ದೀಪ, ಸರಿಯಾದ ಹೊತ್ತಿಗೆ ಬಸ್ಸು, ಶಾಲೆಯ ಹತ್ತಿರದ ಗೂಡಂಗಡಿಯಲ್ಲಿ ಗುಟ್ಕಾ ಮಾರಾಟ ನಿಲ್ಲಿಸುವುದು. ಅಪ್ಪನ ಕುಡಿತದ ಬಗ್ಗೆ, ಗೆಳತಿಯೊಬ್ಬಳಿಗೆ ಸದ್ದಿಲ್ಲದೆ ಗೊತ್ತಾಗುತ್ತಿರುವ ಮದುವೆಯ ಬಗ್ಗೆ ಹೆಸರಿಲ್ಲದ ಚೀಟಿಗಳು ಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ. ಇಂಥ ಒಂದು ಚೀಟಿ, ಮಕ್ಕಳ ಸಹಾಯವಾಣಿ 1098ಕ್ಕೆ ಹೋಗುವ ಒಂದು ಕರೆ, ಎಷ್ಟೋ ಬಾಲ್ಯವಿವಾಹಗಳ ಸುದ್ದಿ ಹೊರಬರುವುದೇ ಹೀಗೆ. ಚಪ್ಪರದಲ್ಲಿ ಉಂಡು ಬರುವ ಹಿರಿಯರಿಂದ ಆ ಸುದ್ದಿ ಬರುವುದು ಕಡಿಮೆ.

ಈ ಸಭೆಗಳು ಆಕಾಶದಿಂದ ಉದುರಿದವಲ್ಲ. ಕರ್ನಾಟಕ ಸರ್ಕಾರ ಮಕ್ಕಳ ಗ್ರಾಮಸಭೆಯ ಸುತ್ತೋಲೆ ಹೊರಡಿಸಿದ್ದು 2006ರಲ್ಲಿ. ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1990ರಲ್ಲಿ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಬೆಂಬಲದಲ್ಲಿ ದುಡಿಯುವ ಮಕ್ಕಳು ತಮ್ಮದೇ ಭೀಮ ಸಂಘ ಕಟ್ಟಿಕೊಂಡರು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವರು, ಮನೆಗೆಲಸದ ಹುಡುಗಿಯರು, ದನ ಕಾಯುತ್ತಿದ್ದವರು ಅದರ ಸದಸ್ಯರು. ತೊಂಬತ್ತರ ದಶಕದ ನಡುವಿನಲ್ಲಿ ಮಕ್ಕಳ ಪಂಚಾಯಿತಿಗಳು ಬಂದವು. 1996ರ ಕೊನೆಯಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಸೇರಿ ತಮ್ಮ ಮೊದಲ ಅಂತರರಾಷ್ಟ್ರೀಯ ಸಭೆ ನಡೆಸಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ಆ ಸಭೆ ನಡೆದದ್ದು ಜಿನೀವಾದಲ್ಲಲ್ಲ, ನಮ್ಮ ಕುಂದಾಪುರದಲ್ಲಿ. ತಮ್ಮ ಸಮಸ್ಯೆಗಳನ್ನೂ ತಮ್ಮ ಸಂಘಟನೆಯನ್ನೂ ಗುರುತಿಸಿ ಎಂಬುದು ಅವರ ಮೊದಲ ಬೇಡಿಕೆ. ದುಡಿಯುವ ಮಕ್ಕಳ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಅನೇಕರು ಹೊರದೇಶಗಳಲ್ಲೂ ಕುಂದಾಪುರ ಘೋಷಣೆಯ ಹೆಸರು ಹೇಳುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೊಂದು ಪಾಠವಿದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹಾಗಾದರೆ ಹದಿಹರೆಯವೆಂದರೆ ಅಪಾಯ ಎಂಬ ನಂಬಿಕೆ ಎಲ್ಲಿಂದ ಬಂತು? ಎಲ್ಲ ಕಾಲದ ಹಿರಿಯರೂ ಕಿರಿಯರನ್ನು ದೂರಿದ್ದಾರೆ, ಅದು ಹಾಗಿರಲಿ. ಅದಕ್ಕೆ ಶಾಸ್ತ್ರದ ಮುದ್ರೆ ಒತ್ತಿದವರಲ್ಲಿ ಮುಖ್ಯರು ಅಮೆರಿಕದ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್. 1904ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಬಂದ ಅವರ ಕೃತಿ, ಹದಿಹರೆಯವನ್ನು ಬಿರುಗಾಳಿಯ ಕಾಲವೆಂದು ಚಿತ್ರಿಸಿತು. ತಂದೆತಾಯಿಯರೊಡನೆ ಜಗಳ, ಮನಸ್ಸಿನ ಏರಿಳಿತ, ಅಪಾಯದ ಹುಚ್ಚು ಇವೆಲ್ಲ ಆ ವಯಸ್ಸಿನ ಲಕ್ಷಣಗಳೆಂದು ಬಿ.ಎಡ್. ತರಗತಿಯಲ್ಲಿ ನಾವೂ ಉರು ಹೊಡೆದದ್ದು ಅಲ್ಲಿಂದಲೇ ಬಂದದ್ದು.

ಇದನ್ನು ಮಕ್ಕಳನ್ನೇ ಕೇಳಿ ಪರೀಕ್ಷಿಸಿದವರು ಷಿಕಾಗೊದ ಮನೋವೈದ್ಯ ಡೇನಿಯಲ್ ಆಫರ್. ಅಲ್ಲಿಯವರೆಗಿನ ತಜ್ಞರ ಬಳಿಗೆ ಬರುತ್ತಿದ್ದವರು ತೊಂದರೆಗೆ ಸಿಕ್ಕ ಮಕ್ಕಳು. ಆಫರ್ ಸಾಮಾನ್ಯ ಶಾಲೆಗಳ ಸಾಮಾನ್ಯ ಹುಡುಗರ ಜೊತೆ ವರ್ಷಗಟ್ಟಲೆ ಮಾತನಾಡಿ 1969ರಲ್ಲಿ ಪುಸ್ತಕ ಬರೆದರು. ಬಹುಪಾಲು ಮಕ್ಕಳ ಬದುಕಿನಲ್ಲಿ ಬಿರುಗಾಳಿ ಇರಲೇ ಇಲ್ಲ. ತಂದೆತಾಯಿಯರೊಡನೆ ಹೊಂದಿಕೊಂಡೇ ಇದ್ದರು, ಜಗಳವೆಂದರೆ ಬಟ್ಟೆ, ಕೂದಲು, ಮನೆಗೆ ಬರುವ ಹೊತ್ತು ಇಂಥ ಸಣ್ಣಪುಟ್ಟ ವಿಷಯಗಳಿಗೆ. 1981ರಲ್ಲಿ ಅವರೂ ಸಂಗಡಿಗರೂ ಇನ್ನೊಂದು ಪ್ರಯೋಗ ಮಾಡಿದರು. ಮಾನಸಿಕ ಆರೋಗ್ಯದ ವೃತ್ತಿಯವರ ಕೈಗೆ ಒಂದು ಪ್ರಶ್ನಾವಳಿ ಕೊಟ್ಟು, ಆರೋಗ್ಯವಂತ ಹದಿಹರೆಯದವನೊಬ್ಬ ಇದಕ್ಕೆ ಹೇಗೆ ಉತ್ತರಿಸಬಹುದೋ ಹಾಗೆ ತುಂಬಿ ಎಂದರು. ತಜ್ಞರು ಕಲ್ಪಿಸಿಕೊಂಡ ಆರೋಗ್ಯವಂತ ಹುಡುಗ, ನಿಜವಾಗಿಯೂ ಮಾನಸಿಕ ತೊಂದರೆಯಲ್ಲಿದ್ದ ಹುಡುಗರಿಗಿಂತ ಹೆಚ್ಚು ಕಂಗೆಟ್ಟವನಾಗಿದ್ದ. ದಿನವೂ ಮಕ್ಕಳ ನಡುವೆ ಕೆಲಸ ಮಾಡುವ ತಜ್ಞರ ಕಣ್ಣಿಗೇ ಇಂಥ ಪೊರೆ ಬಂದಿದ್ದರೆ ಊರವರ ಮಾತೇನು!

ಪೊರೆಯಿಂದ ನೋಡುವವರಿಗಷ್ಟೇ ನಷ್ಟವಾಗಿದ್ದರೆ ನಾನು ಇಷ್ಟು ಬೇಸರಪಡುತ್ತಿರಲಿಲ್ಲ. ಕ್ರಿಸ್ಟಿ ಬ್ಯುಕ್ಯಾನನ್ ಮತ್ತು ಜೋನಾ ಹ್ಯೂಸ್ ಎಂಬ ಸಂಶೋಧಕಿಯರು ಹದಿಹರೆಯದ ಹೊಸ್ತಿಲಲ್ಲಿದ್ದ ಮಕ್ಕಳ ತಾಯಂದಿರನ್ನು, ನಿಮ್ಮ ಮಗು ಹದಿಹರೆಯಕ್ಕೆ ಬಂದಾಗ ಹೇಗಿರುತ್ತದೆಂದು ನಿರೀಕ್ಷಿಸುತ್ತೀರಿ ಎಂದು ಕೇಳಿದರು, ಮಕ್ಕಳನ್ನೂ ಕೇಳಿದರು. ಮರುವರ್ಷ ನೋಡಿದಾಗ, ಹಟ ಮತ್ತು ತಂಟೆಯ ನಿರೀಕ್ಷೆ ಎಲ್ಲಿ ಹೆಚ್ಚಿತ್ತೋ ಅಲ್ಲಿ ಅಂಥ ನಡವಳಿಕೆಯೂ ಹೆಚ್ಚಿತ್ತು. 2009ರಲ್ಲಿ ಪ್ರಕಟವಾದ ಅಧ್ಯಯನ ಇದು. ಇದಕ್ಕೆ ಅಮೆರಿಕದ ಸಾಕ್ಷಿಯೇ ಬೇಕೆಂದಿಲ್ಲ, ನಿಜ. ನೀನು ಉದ್ಧಾರವಾಗುವುದಿಲ್ಲ ಎಂದು ದಿನವೂ ಕೇಳಿಸಿಕೊಂಡ ಹುಡುಗ ಕೊನೆಯ ಬೆಂಚಿಗೆ ಹೇಗೆ ಸರಿಯುತ್ತಾನೆ, ಅಲ್ಲಿಂದ ಶಾಲೆಯ ಹೊರಗೆ ಹೇಗೆ ಸರಿಯುತ್ತಾನೆ ಎಂಬುದನ್ನು ಇಲ್ಲಿ ಕುಳಿತಿರುವ ಪ್ರತಿಯೊಬ್ಬ ಶಿಕ್ಷಕರೂ ನೋಡಿದ್ದಾರೆ.

ಸೋಮಾರಿತನದ ದೂರಿಗೆ ಬರೋಣ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸಲು ತೊಡಗುತ್ತದೆ. ಮೇರಿ ಕಾರ್ಸ್ಕಡನ್ ಮೊದಲಾದವರು ಇದನ್ನು ದಶಕಗಳ ಕಾಲ ಅಳೆದು ತೋರಿಸಿದ್ದಾರೆ. ಮಕ್ಕಳಿಗೆ ಬೇಕಾದ ನಿದ್ದೆ ಎಂಟರಿಂದ ಹತ್ತು ಗಂಟೆ. ಅದು ಕಡಿಮೆಯಾಗುವುದಿಲ್ಲ, ಮುಂದಕ್ಕೆ ಜರುಗುತ್ತದೆ ಅಷ್ಟೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಈ ವಯಸ್ಸಿನವರ ಶಾಲೆ ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದೆಂದು ಶಿಫಾರಸು ಮಾಡಿತು. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಿಗೆ 2022ರಿಂದ ಅದೇ ಕಾನೂನು. ನಮ್ಮ ಪಿಯುಸಿ ಮಕ್ಕಳಿಗೆ ಆರು ಗಂಟೆಗೇ ಟ್ಯೂಷನ್. ರಾತ್ರಿ ಹತ್ತೂವರೆಗೆ ಮನೆಪಾಠ ಮುಗಿಸಿ, ಹನ್ನೊಂದೂವರೆಗೆ ನಿದ್ದೆ ಹತ್ತಿ, ಐದಕ್ಕೆ ಎದ್ದು ಬಂದ ಹುಡುಗ ಎರಡನೇ ಪೀರಿಯಡ್ಡಿನಲ್ಲಿ ತೂಕಡಿಸಿದರೆ ಅವನಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ತಂದೆಯನ್ನು ಕರೆಸುತ್ತೇವೆ.

ಹುಡುಗಿಯರದು ಇನ್ನೊಂದು ಕಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ. ಅಂದರೆ ತರಗತಿಯ ಅರ್ಧಕ್ಕಿಂತ ಹೆಚ್ಚು ಹುಡುಗಿಯರ ಮೈಯಲ್ಲಿ ಬೇಕಾದಷ್ಟು ರಕ್ತವಿಲ್ಲ. ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಶಾಲೆಗಳಲ್ಲಿ ಕೊಡುತ್ತೇವಲ್ಲ, ಅದು ಇದಕ್ಕಾಗಿಯೇ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ತೊಳಸುತ್ತದೆಂದು ಎಷ್ಟೋ ಮಕ್ಕಳು ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ. ಊಟವಾದ ಮೇಲೆ, ಎದುರಿಗೆ ನಿಂತು, ಯಾಕೆ ನುಂಗಬೇಕೆಂದು ವಿವರಿಸಿ ಕೊಟ್ಟಲ್ಲಿ ನುಂಗುತ್ತಾರೆ. ಸಂಜೆ ಮನೆಗೆ ಬಂದು ಸುಸ್ತಾಗಿ ಒರಗಿದ ಮಗಳಿಗೆ 'ಮೈಗಳ್ಳಿ' ಎನ್ನುವ ಮುಂಚೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಿಸಿ ಎಂಬುದು ತಾಯಂದಿರಿಗೆ ನನ್ನ ಕೈಮುಗಿದ ಬೇಡಿಕೆ.

ಮೊಬೈಲಿನ ಬಗ್ಗೆ ಹೆಚ್ಚು ಹೇಳಲಾರೆ. 2020ರಲ್ಲಿ ಶಾಲೆಗಳನ್ನು ಮುಚ್ಚಿ, ಪಾಠ ಕೇಳು ಎಂದು ಆ ಸಾಧನವನ್ನು ಮಕ್ಕಳ ಕೈಗಿಟ್ಟವರು ನಾವು. ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಳ್ಳುವ ಅಪ್ಪಂದಿರೂ ಕಡಿಮೆಯಿಲ್ಲ.

ಬೈಕ್ ವೀಲಿ ಮಾಡುವವರು, ಮಾದಕ ವಸ್ತುಗಳಿಗೆ ಬಿದ್ದವರು, ಸಹಪಾಠಿಯನ್ನು ಹಿಂಸಿಸುವವರು ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಅದನ್ನು ಮುಚ್ಚಿಡುವುದು ಮಕ್ಕಳಿಗೇ ಮಾಡುವ ದ್ರೋಹ. ಆದರೆ ಅಲ್ಲಿಯೂ ಹೇಗೆ, ಯಾವಾಗ ಎಂದು ನೋಡಬೇಕು. ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಾರು ಓಡಿಸುವ ವಿಡಿಯೊ ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಿತು. ಇಪ್ಪತ್ನಾಲ್ಕು ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಗೆಳೆಯರ ಬಲ ಅಷ್ಟು ದೊಡ್ಡದು. ವೀಲಿ ಮಾಡಿಸುವುದೂ ಅದೇ, ಭೀಮ ಸಂಘ ಕಟ್ಟಿಸಿದ್ದೂ ಅದೇ. ಇನ್ನು ಬೈಕಿನ ಕೀಲಿಕೈ ಕೊಟ್ಟವರು ಯಾರು? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಈ ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ.

ಅಪರಾಧದ ಲೆಕ್ಕ ಇನ್ನೂ ಗಂಭೀರವಾದದ್ದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಲ್ಲಿ ದೇಶದಲ್ಲಿ ದಾಖಲಾದ ಒಟ್ಟು ಪ್ರಕರಣಗಳು 58,24,946. ಅವುಗಳಲ್ಲಿ ಹದಿನೆಂಟರ ಒಳಗಿನವರು ಆರೋಪಿಗಳಾಗಿರುವವು 30,555. ಸಾವಿರಕ್ಕೆ ಐದು! ಅದೇ ವರ್ಷ ಮಕ್ಕಳ ವಿರುದ್ಧ ನಡೆದ ಅಪರಾಧಗಳು 1,62,449. ಅಂದರೆ ಮಕ್ಕಳು ಮಾಡಿದ್ದಾರೆ ಎನ್ನಲಾದ ಒಂದು ಅಪರಾಧಕ್ಕೆ, ಮಕ್ಕಳ ಮೇಲೆ ಐದಕ್ಕೂ ಹೆಚ್ಚು ಅಪರಾಧಗಳು ನಡೆದಿವೆ. ಬೀದಿಯಲ್ಲಿ ಹುಡುಗರ ಗುಂಪು ಕಂಡರೆ ನಮಗೆ ಭಯ. ಲೆಕ್ಕ ಹೇಳುವುದೇನೆಂದರೆ ಭಯಪಡಬೇಕಾದವರು ಅವರು.

ಆದರೂ ನಾವು ಭಯವನ್ನು ಕಾನೂನಾಗಿಸಿದೆವು. 2012ರ ಡಿಸೆಂಬರಿನ ದೆಹಲಿಯ ಘೋರ ಸಾಮೂಹಿಕ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ದೇಶದ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನ ನಡುವೆಯೂ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯ ವರದಿಯಲ್ಲಿ ಬಾಲನ್ಯಾಯದ ವಯೋಮಿತಿ ಇಳಿಸುವುದು ಬೇಡ ಎಂದಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಳಿಸಲು ಒಪ್ಪಲಿಲ್ಲ. 2015ರ ಡಿಸೆಂಬರ್ 20ರಂದು ಆ ಬಾಲಾಪರಾಧಿಯ ಬಿಡುಗಡೆಯಾಯಿತು. ಡಿಸೆಂಬರ್ 22ರಂದು ರಾಜ್ಯಸಭೆ ಹೊಸ ಬಾಲನ್ಯಾಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಈಗ ಹದಿನಾರು ದಾಟಿದವರ ಮೇಲೆ ಹೀನ ಅಪರಾಧದ ಆರೋಪ ಬಂದರೆ, ಬಾಲನ್ಯಾಯ ಮಂಡಳಿ ಪ್ರಾಥಮಿಕವಾಗಿ ಅವರ ಮನಸ್ಸಿನ ಬಲಿತನ ಅಳೆದು, ವಯಸ್ಕರಂತೆ ವಿಚಾರಣೆಗೆ ಕಳಿಸಬಹುದು. ನನ್ನ ದೃಷ್ಟಿಯಲ್ಲಿ ಅದು ತಪ್ಪು. ಒಬ್ಬನ ಕೃತ್ಯವನ್ನು ಅಳತೆಗೋಲಾಗಿಸಿ ಕೋಟಿಗಟ್ಟಲೆ ಮಕ್ಕಳಿಗೆ ಕಾನೂನು ಬರೆಯಬಾರದಿತ್ತು.

ಪ್ರೀತಿಯ ವಿಷಯದಲ್ಲಿಯೂ ಹೀಗೇ. ಹದಿನಾರರ ಹುಡುಗಿ, ಹದಿನೇಳರ ಹುಡುಗ ಪರಸ್ಪರ ಮೆಚ್ಚಿ ಮನೆ ಬಿಟ್ಟು ದೇಹಸಂಬಂಧ ಬೆಳೆಸಿದರೆ ಪೋಕ್ಸೊ ಕಾಯ್ದೆಯಡಿ ಅದು ಅಪರಾಧ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಬಂದ ಒಳ್ಳೆಯ ಕಾನೂನು, ಜಾತಿ ಮೀರಿದ ಪ್ರೀತಿಗೆ ಹೆದರಿದ ಮನೆಯವರ ಕೈಯಲ್ಲಿ ಆಯುಧವಾಗುತ್ತದೆ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ವಾಸ್ತವವನ್ನು ನೋಡಿ ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತಿಸಬೇಕೆಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ ಮರುವರ್ಷ ವಯಸ್ಸು ಇಳಿಸುವುದು ಬೇಡವೆಂದಿತು. ಅದರ ಆತಂಕಗಳಲ್ಲೂ ಹುರುಳಿದೆ. ನನಗೆ ಮುಖ್ಯವಾಗಿ ಕಂಡದ್ದು ಪೀಠದ ಇನ್ನೊಂದು ಸೂಚನೆ: ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನನ್ನು ತಿಳಿಸಿಕೊಡಿ. ಅವರಿಗೆ ಹೇಳಿದರೆ ಅರ್ಥವಾಗುತ್ತದೆ ಎಂಬ ನಂಬಿಕೆ ಅದರಲ್ಲಿದೆ.

ಆ ನಂಬಿಕೆಯನ್ನು ನಾವು ಎಲ್ಲಿಂದ ಆರಂಭಿಸಬಹುದು? ಮಕ್ಕಳ ಗ್ರಾಮಸಭೆ ಈಗಾಗಲೇ ಕೈಯಲ್ಲಿದೆ, ಹೊಸ ಕಾನೂನು ಬೇಕಿಲ್ಲ. ಅನೇಕ ಕಡೆ ಅದು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮವಾಗಿದೆ. ಮಕ್ಕಳ ಬೇಡಿಕೆ ನಡಾವಳಿ ಪುಸ್ತಕದಲ್ಲಿ ಸೇರುತ್ತದೆ, ಮುಂದಿನ ವರ್ಷದವರೆಗೆ ಪುಸ್ತಕ ಬೀರುವಿನಲ್ಲಿ ಇರುತ್ತದೆ. ಈ ಸಭೆಯಲ್ಲಿ ಪಂಚಾಯಿತಿ ಸದಸ್ಯರೂ ನಿವೃತ್ತ ಅಧಿಕಾರಿಗಳೂ ಇದ್ದೀರಿ, ಆದ್ದರಿಂದ ನೇರವಾಗಿ ಕೇಳುತ್ತೇನೆ. ಸ್ವಾಗತ ಭಾಷಣಕ್ಕೂ ಮೊದಲು ಹಿಂದಿನ ವರ್ಷದ ಅನುಪಾಲನಾ ವರದಿ ಓದಿ. ಯಾವ ಬೇಡಿಕೆ ಆಯಿತು, ಯಾವುದು ಆಗಲಿಲ್ಲ, ಆಗದಿದ್ದರೆ ಯಾಕೆ ಎಂದು ಮಕ್ಕಳಿಗೆ ಲೆಕ್ಕ ಒಪ್ಪಿಸಿ. ಸಭೆಯನ್ನು ಪರೀಕ್ಷೆಯ ಹೊತ್ತಿನಲ್ಲಿ ಇಡಬೇಡಿ. ಶಾಲೆ ಬಿಟ್ಟ ಮಕ್ಕಳನ್ನು, ಗ್ಯಾರೇಜಿನಲ್ಲಿ, ತೋಟದಲ್ಲಿ ದುಡಿಯುವವರನ್ನು ಹುಡುಕಿ ಕರೆಯಿರಿ. ಶಿಕ್ಷಕರು ಆರಿಸಿದ ಜಾಣ ಮಕ್ಕಳಷ್ಟೇ ಬಂದರೆ ಸಾಲದು. ಮಾತನಾಡುವವರ ಕೂದಲು ಹೇಗಿದೆ ಎಂದು ಆ ದಿನ ಯಾರೂ ಕೇಳುವುದು ಬೇಡ.

ನಮ್ಮ ಹುಡುಗಿಯ ಕಾಲುಸಂಕಕ್ಕೆ ಸಿಮೆಂಟಿನ ಕಂಬ ಬರಲು ಇನ್ನೂ ಎರಡು ಮಳೆಗಾಲ ಬೇಕಾಯಿತು. ಅಷ್ಟರಲ್ಲಿ ಅವಳು ಹತ್ತನೇ ತರಗತಿ ಮುಗಿಸಿ ಹೋಗಿದ್ದಳು. ಹೋಗುವ ಮೊದಲು ತನ್ನ ಹಾಜರಿ ಪಟ್ಟಿಯನ್ನು ಎಂಟನೇ ತರಗತಿಯ ಹುಡುಗನೊಬ್ಬನಿಗೆ ಒಪ್ಪಿಸಿದ್ದಳು, ಮರುವರ್ಷದ ಸಭೆಯಲ್ಲಿ ಅವನು ಅದನ್ನು ಮುಂದುವರಿಸಿ ಓದಿದ.

 ಹಿಂದಿನ ಸಾಲುಗಳಲ್ಲಿ ಕುಳಿತಿರುವ ಹೈಸ್ಕೂಲು ಮತ್ತು ಪಿಯುಸಿ ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದಾದರೆ ಮೊದಲ ಅವಕಾಶ ಅವರಿಗೇ ಕೊಡಬೇಕೆಂದು ಸಭೆಯ ಅಧ್ಯಕ್ಷರಲ್ಲಿ ವಿನಂತಿ.